ಅದೇ ಮಷೀನು, ಅದೇ ಕೈ, ಬೇರೆ ಊರು

ಹೋದ ವಾರ ನಮ್ಮ ಊರ ಕಡೆ ಒಂದು ಮದುವೆ ಇತ್ತು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಒಬ್ಬ ಹಿರಿಯರು ಕೂತಿದ್ದರು. ಅವರ ಆಚೆ ಡಿಗ್ರಿ ಮುಗಿಸಿ ಎರಡು ವರ್ಷದಿಂದ ಮನೆಯಲ್ಲೇ ಇರುವ ಒಬ್ಬ ಹುಡುಗ. ಹಿರಿಯರು ಅವನಿಗೆ ಬುದ್ಧಿ ಹೇಳುತ್ತಿದ್ದರು. "ನೌಕರಿ ನೌಕರಿ ಅಂತ ಎಷ್ಟ ದಿನಾ ಕುಂದರ್ತಿ? ಏನರ ಸ್ವಂತದ್ದು ಮಾಡು. ಧೈರ್ಯ ಬೇಕಪಾ, ಧೈರ್ಯ." ಹುಡುಗ ತಲೆ ತಗ್ಗಿಸಿ ಗೋಧಿ ಹುಗ್ಗಿ ಕಲಸುತ್ತಾ ಇದ್ದ. ಬಾಯಿಗೆ ಇಡಲಿಲ್ಲ. ಆಮೇಲೆ ಅವರು ನನ್ನ ಹೆಗಲ ಮೇಲೆ ಕೈ ಹಾಕಿ, "ಇವನ್ನ ನೋಡು, ಗದಗಿನಾಗ ಸ್ವಂತ ಪ್ರೆಸ್ ಹಾಕ್ಯಾನ" ಅಂದರು.

ಅಷ್ಟು ಜನರ ಮುಂದೆ ಹಿರಿಯರಿಗೆ ಎದುರು ಮಾತಾಡೋಕೆ ಮನಸ್ಸು ಬರಲಿಲ್ಲ. ಆ ಹುಡುಗನಿಗೆ ಹೇಳಬೇಕಿದ್ದ ಮಾತು ಇನ್ನೂ ಗಂಟಲಲ್ಲೇ ಇದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಧೈರ್ಯ ನನಗೆ ಮೊದಲ ಸಲವೂ ಇತ್ತು. ನಿಜ ಹೇಳಬೇಕೆಂದರೆ ಆಗಲೇ ಜಾಸ್ತಿ ಇತ್ತು. ಮುಳುಗಿದ್ದೂ ಆಗಲೇ.

ನಾನು ಎಂಟು ವರ್ಷ ಗದಗಿನ ಒಂದು ಪ್ರೆಸ್ಸಿನಲ್ಲಿ ಕೆಲಸ ಮಾಡಿದೆ. ಮಷೀನು ಓಡಿಸೋದು, ಇಂಕು ಹದ ಮಾಡೋದು, ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ, ಎಲ್ಲ ಕಲಿತೆ. 2014ರಲ್ಲಿ ಸ್ವಂತಕ್ಕೆ ಅಂತ ಒಂದು ಸೆಕೆಂಡ್ ಹ್ಯಾಂಡ್ ಮಿನಿ ಆಫ್‌ಸೆಟ್ ಮುದ್ರಣ ಮಷೀನು ತಗೊಂಡು ಮುಂಡರಗಿ ಕಡೆಯ ನಮ್ಮ ಊರಿಗೇ ಹೋದೆ. ಲೆಕ್ಕ ಸರಳವಾಗಿತ್ತು. ಮನೆ ಸ್ವಂತದ್ದು, ಬಾಡಿಗೆ ಇಲ್ಲ. ಸುತ್ತಮುತ್ತ ಎಲ್ಲೂ ಪ್ರೆಸ್ ಇಲ್ಲ. ಹತ್ತು ಹದಿನೈದು ಹಳ್ಳಿಯ ಮದುವೆ ಕಾರ್ಡು, ಅಂಗಡಿಗಳ ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು ಎಲ್ಲ ನನಗೇ ಬರುತ್ತವೆ. ಪೈಪೋಟಿಯೇ ಇಲ್ಲದ ಜಾಗ ಸಿಕ್ಕಿತು ಅಂತ ಖುಷಿಯಾಗಿದ್ದೆ.

ಹದಿನಾಲ್ಕು ತಿಂಗಳು ನಡೆಸಿದೆ.

ಒಂದು ದಿನದ ಕಥೆ ಹೇಳುತ್ತೇನೆ. ಏಪ್ರಿಲ್ ತಿಂಗಳು, ಲಗ್ನದ ಸೀಸನ್ನು. ಐನೂರು ಕಾರ್ಡಿನ ಒಂದು ಆರ್ಡರ್ ಸಿಕ್ಕಿತ್ತು. ಇನ್ನೂರು ಕಾರ್ಡು ಆಗುವಷ್ಟರಲ್ಲಿ ಸಿಲಿಂಡರಿನ ಮೇಲಿನ ರಬ್ಬರ್ ಬ್ಲ್ಯಾಂಕೆಟ್ ಹರಿಯಿತು. ಊರಲ್ಲಿ ಅದು ಎಲ್ಲಿ ಸಿಗಬೇಕು? ಬಸ್ಸು ಹತ್ತಿ ಮುಂಡರಗಿ, ಅಲ್ಲಿಂದ ಗದಗ. ಬ್ಲ್ಯಾಂಕೆಟ್ ತಗೊಂಡು ವಾಪಸ್ ಬರುವಾಗ ಕತ್ತಲಾಗಿತ್ತು. ಹಾಕಿ ಸ್ವಿಚ್ ಒತ್ತಿದರೆ ಕರೆಂಟಿಲ್ಲ. ಮರುದಿನ ಹೆಣ್ಣಿನ ಕಡೆಯವರು ಬಂದು ಬಾಗಿಲಲ್ಲಿ ನಿಂತರು. ಪ್ಲೇಟ್ ಮಾಡಿಸಲು ಗದಗ, ಕಾರ್ಡಿನ ಸ್ಟಾಕ್ ತರಲು ಗದಗ, ರೋಲರ್ ಕೆಟ್ಟರೆ ರಿಪೇರಿಯವನನ್ನು ಗದಗಿನಿಂದಲೇ ಕರೆಸಬೇಕು. ಅವನು ಬಂದರೆ ಅವತ್ತಿನ ಪೂರ್ತಿ ದಿನದ ಕೂಲಿ ಕೇಳುತ್ತಿದ್ದ. ಅವನದೂ ತಪ್ಪಿಲ್ಲ.

ಇದೆಲ್ಲ ತಡೆದುಕೊಳ್ಳಬಹುದಿತ್ತು. ಗಿರಾಕಿಗಳೇ ಬರಲಿಲ್ಲ, ಅದನ್ನು ತಡೆಯಲು ಆಗಲಿಲ್ಲ. ಕಾರಣ ನನಗೆ ಆರು ತಿಂಗಳ ಮೇಲೆ ತಿಳಿಯಿತು. ನಮ್ಮ ಕಡೆ ಲಗ್ನ ಗೊತ್ತಾದರೆ ಜನ ಜವಳಿಗೆ ಗದಗಿಗೆ ಹೋಗುತ್ತಾರೆ. ಬಂಗಾರ ಅಲ್ಲೇ, ಭಾಂಡೆ ಸಾಮಾನು ಅಲ್ಲೇ. ಅದೇ ಸುತ್ತಿನಲ್ಲಿ ಕಾರ್ಡೂ ಕೊಟ್ಟು ಬರುತ್ತಾರೆ. ಸುಮ್ನೆ ಕಾರ್ಡು ಒಂದಕ್ಕೇ ಅಂತ ನನ್ನ ಹತ್ತಿರ ಯಾಕೆ ಬರಬೇಕು? ಪೈಪೋಟಿ ಇಲ್ಲದ ಜಾಗ ಅಂತ ನಾನು ಅಂದುಕೊಂಡದ್ದು ಗಿರಾಕಿಯೇ ಇಲ್ಲದ ಜಾಗವಾಗಿತ್ತು.

ಸಾಲ ಹೆಗಲ ಮೇಲೆ ಹೊತ್ತುಕೊಂಡು ಅದೇ ಮಷೀನನ್ನು ಟೆಂಪೋದಲ್ಲಿ ಹಾಕಿ ಗದಗಿಗೆ ತಂದೆ. ಹತ್ತು ಬೈ ಹನ್ನೆರಡರ ಒಂದು ಖೋಲಿ ಬಾಡಿಗೆ ಹಿಡಿದೆ. ಓಣಿ ತುಂಬ ಪ್ರೆಸ್ಸುಗಳೇ. ಎಲ್ಲರೂ ಹೆದರಿಸಿದರು, ಇಷ್ಟು ಜನರ ನಡುವೆ ನಿನಗೆ ಏನು ಸಿಗುತ್ತದೆ ಅಂತ. ಎಲ್ಲವೂ ಸಿಕ್ಕಿತು.

ಗದಗಿಗೆ ಮುದ್ರಣ ಕಾಶಿ ಅಂತ ಹೆಸರು ಸುಮ್ಮನೆ ಬಂದಿಲ್ಲ. ಇಲ್ಲಿ ಪ್ಲೇಟ್ ಮಾಡುವವರು ಎರಡು ಓಣಿ ಆಚೆ. ಪೇಪರ್ ಕಟಿಂಗ್ ಎದುರಿಗೇ. ಲ್ಯಾಮಿನೇಷನ್‌ಗೆ ಒಬ್ಬರು, ಬೈಂಡಿಂಗ್‌ಗೆ ಒಬ್ಬರು, ನಂಬರಿಂಗ್‌ಗೆ ಇನ್ನೊಬ್ಬರು. ನನ್ನ ಹತ್ತಿರ ಇದ್ದದ್ದು ಒಂದೇ ಮಷೀನು. ಆದರೆ ಓಣಿಯ ಮಷೀನುಗಳೆಲ್ಲ ಒಂದು ರೀತಿಯಲ್ಲಿ ನನ್ನವೇ. ದೊಡ್ಡ ಆರ್ಡರ್ ಬಂದವರು ಕೈ ತುಂಬಿದಾಗ ನನಗೆ ಅರ್ಧ ಕೊಡುತ್ತಾರೆ. ಒಂದು ರಾತ್ರಿ ಹನ್ನೊಂದಕ್ಕೆ ಕಪ್ಪು ಇಂಕು ಖಾಲಿಯಾಯಿತು. ಪಕ್ಕದ ಪ್ರೆಸ್ಸಿನವರು ಅರ್ಧ ಡಬ್ಬಿ ಕೊಟ್ಟು, "ನಾಳೆ ತಂದಕೊಡು" ಅಂದರು. ಬಣ್ಣ ಸರಿಯಾಗಿ ಕೂಡುತ್ತಿಲ್ಲ ಅಂದರೆ ಓಣಿಯ ಹಳೆಯ ಕೈಯೊಬ್ಬರು ಬಂದು, ಕಾಗದ ಬೆಳಕಿಗೆ ಹಿಡಿದು, "ನೀರು ಜಾಸ್ತಿ ಆಗೇತಿ" ಅಂತ ಹೇಳಿ ಹೋಗುತ್ತಾರೆ. ಇದಕ್ಕೆ ಯಾವ ತರಬೇತಿ ಕೇಂದ್ರವೂ ಇಲ್ಲ, ಫೀಸೂ ಇಲ್ಲ.

ಈಗ ಹೇಳಿ. ನನ್ನ ಧೈರ್ಯ ಬದಲಾಗಿತ್ತಾ? ಕೆಲಸ ಬದಲಾಗಿತ್ತಾ? ಊರು ಬದಲಾಗಿತ್ತು, ಅಷ್ಟೇ.

ನಮ್ಮ ಕಡೆಯ ದೊಡ್ಡ ಉದಾಹರಣೆಯನ್ನೇ ನೋಡಿ. ವಿಜಯ ಸಂಕೇಶ್ವರ ಅವರ ಮನೆತನದ್ದು ಗದಗಿನಲ್ಲಿ ಮುದ್ರಣ, ಪ್ರಕಟಣೆಯ ವ್ಯವಹಾರ. ಅವರು 1976ರಲ್ಲಿ ಗದಗಿನಲ್ಲೇ ಒಂದು ಲಾರಿಯಿಂದ ಸಾಗಾಟ ಶುರು ಮಾಡಿದರು. ಆದರೆ ಆ ಉದ್ಯಮ ದೊಡ್ಡದಾಗಿ ಬೆಳೆದದ್ದು ಹುಬ್ಬಳ್ಳಿಯಲ್ಲಿ ನೆಲೆ ಮಾಡಿಕೊಂಡ ಮೇಲೆ. ಪುಣೆ–ಬೆಂಗಳೂರು ಹೆದ್ದಾರಿ ಅಲ್ಲಿದೆ. ಅಂಕೋಲಾ ಕಡೆಯಿಂದ ಬಂದು ಗದಗಿನತ್ತ ಹೋಗುವ ರಸ್ತೆ ಅಲ್ಲಿ ಕೂಡುತ್ತದೆ. ರೈಲ್ವೆ ಜಂಕ್ಷನ್ ಅಲ್ಲಿದೆ. ಅವರ ಶ್ರಮವನ್ನು ನಾನು ಒಂದಿಷ್ಟೂ ಕಡಿಮೆ ಮಾಡುತ್ತಿಲ್ಲ. ಮುದ್ರಣಕ್ಕೆ ಗದಗ ಒಗ್ಗಿತು, ಲಾರಿಗೆ ಹುಬ್ಬಳ್ಳಿ ಒಗ್ಗಿತು. ಯಾವ ಕೆಲಸಕ್ಕೆ ಯಾವ ನೆಲ ಅನ್ನುವುದು ಒಕ್ಕಲುತನದಲ್ಲಿ ನಮಗೆ ಚೆನ್ನಾಗಿ ಗೊತ್ತು. ಎರೆ ನೆಲದಲ್ಲಿ ಏನು ಬಿತ್ತಬೇಕು, ಮಸಾರಿಯಲ್ಲಿ ಏನು ಬಿತ್ತಬೇಕು ಅಂತ ಯಾರೂ ಕಲಿಸಬೇಕಿಲ್ಲ. ಹುಡುಗರಿಗೆ ಉದ್ಯೋಗದ ಮಾತು ಹೇಳುವಾಗ ಮಾತ್ರ ನೆಲ ಮರೆತುಬಿಡುತ್ತೇವೆ.

ಪ್ರೆಸ್ಸಿನವರಿಗೆ ಒಂದು ಲಾಭ ಇದೆ. ಅಚ್ಚು ಹಾಕುವಾಗ ಓದಲು ಸಿಗುತ್ತದೆ. ಒಬ್ಬ ಅರ್ಥಶಾಸ್ತ್ರದ ಮೇಷ್ಟ್ರು ಸೆಮಿನಾರಿಗಾಗಿ ಒಂದು ಪುಸ್ತಿಕೆ ಅಚ್ಚು ಹಾಕಿಸಿದ್ದರು. ಪ್ರೂಫ್ ನೋಡುತ್ತಾ ಎರಡು ವಿಷಯ ತಲೆಯಲ್ಲಿ ಉಳಿದವು. ಒಂದು, ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ 2023–24ರಲ್ಲಿ ನಮ್ಮ ದೇಶದಲ್ಲಿ ದುಡಿಯುವವರ ಪೈಕಿ ಶೇ 58.4 ಜನ ಸ್ವಂತ ಉದ್ಯೋಗದವರು. 2017–18ರಲ್ಲಿ ಇದು ಶೇ 52ರಷ್ಟಿತ್ತು. ಅಮೆರಿಕದಂಥ ದೇಶದಲ್ಲಿ ನೂರಕ್ಕೆ ಹತ್ತು ಜನವೂ ಹೀಗಿಲ್ಲ. ಅಂದರೆ ಧೈರ್ಯ ನಮ್ಮವರಲ್ಲೇ ಜಾಸ್ತಿ ಅಂತಾಯಿತಾ? ಹಾಗಲ್ಲ. ಪಗಾರದ ಕೆಲಸ ಸಿಗದೆ ಇದ್ದಾಗ ಮನುಷ್ಯ ಏನಾದರೂ ಮಾಡಿಕೊಳ್ಳಲೇಬೇಕಲ್ಲ. ಆ 58.4ರಲ್ಲೂ 19.4ರಷ್ಟು ಜನ ಮನೆಯವರ ಹೊಲದಲ್ಲಿ, ಅಂಗಡಿಯಲ್ಲಿ ಪಗಾರವಿಲ್ಲದೆ ದುಡಿಯುವವರು. ಈ ಸಾಲು ಓದಿದಾಗ ನನಗೆ ಅವ್ವ ನೆನಪಾದಳು. ಊರಲ್ಲಿ ಪ್ರೆಸ್ ಇದ್ದ ಹದಿನಾಲ್ಕು ತಿಂಗಳೂ ಕಾರ್ಡು ಮಡಚಿದವಳು, ಕವರಿಗೆ ಅಂಟು ಹಚ್ಚಿದವಳು ಅವಳು. ಸರ್ಕಾರದ ಲೆಕ್ಕದಲ್ಲಿ ಅವಳೂ ಸ್ವಂತ ಉದ್ಯೋಗಿ. ಅವಳ ಕೈಗೆ ಒಂದು ರೂಪಾಯಿ ಬಂದಿಲ್ಲ.

ಎರಡನೆಯದು, ಏಜಾಜ್ ಘನಿ, ವಿಲಿಯಂ ಕೆರ್, ಸ್ಟೀಫನ್ ಓಕಾನೆಲ್ ಎಂಬ ಅರ್ಥಶಾಸ್ತ್ರಜ್ಞರು ಭಾರತದ ಜಿಲ್ಲೆಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದ ಕೆಲಸ. ಹೊಸ ಉದ್ಯಮಗಳು ಎಲ್ಲಿ ಜಾಸ್ತಿ ಹುಟ್ಟುತ್ತವೆ ಅಂತ ಹುಡುಕಿದರೆ, ಜನ ಓದಿಕೊಂಡಿರುವ ಕಡೆ, ರಸ್ತೆ, ಕರೆಂಟಿನಂಥ ಸೌಲಭ್ಯ ಚೆನ್ನಾಗಿರುವ ಕಡೆ. ಇನ್ನೊಂದು ಮಾತೂ ಇತ್ತು. ಮೊದಲೇ ಹೆಣ್ಣುಮಕ್ಕಳು ಉದ್ಯಮ ನಡೆಸುತ್ತಿರುವ ಕಡೆ ಇನ್ನಷ್ಟು ಹೆಣ್ಣುಮಕ್ಕಳು ಶುರು ಮಾಡುತ್ತಾರಂತೆ. ಓದಿ, ಇದು ನಮ್ಮ ಓಣಿಯ ಕಥೆಯೇ ಅಲ್ವಾ ಅನ್ನಿಸಿತು.

ಕಣ್ಣಿಗೆ ಏನು ಬೀಳುತ್ತದೋ ಅದೇ ಮನಸ್ಸಿಗೆ ಬರುತ್ತದೆ. ಬೆಟಗೇರಿಯ ನೇಕಾರರ ಮಗುವಿಗೆ ಮಗ್ಗದ ಸಪ್ಪಳ ತೊಟ್ಟಿಲಿನಲ್ಲೇ ಗೊತ್ತು. ಬ್ಯಾಡಗಿಯ ಮಕ್ಕಳು ಚಹಾ ಕುಡಿಯುವಾಗಲೇ ಡಬ್ಬಿ ಮೆಣಸಿನಕಾಯಿ ರೇಟೆಷ್ಟು, ಕಡ್ಡಿ ರೇಟೆಷ್ಟು ಅಂತ ಕೇಳಿಸಿಕೊಂಡು ಬೆಳೆಯುತ್ತಾರೆ. ಹಾವೇರಿಯಲ್ಲಿ ಏಲಕ್ಕಿ ಪೋಣಿಸಿ ಹಾರ ಮಾಡುವುದು ಒಂದು ಬದುಕು ಅಂತ ಬೇರೆ ಊರಿನ ಹುಡುಗನಿಗೆ ಹೊಳೆಯುವುದೇ ಇಲ್ಲ. ಕಲಘಟಗಿಯಲ್ಲಿ ತೊಟ್ಟಿಲು, ನವಲಗುಂದದಲ್ಲಿ ಜಮಖಾನೆ. ಧಾರವಾಡದ ಲೈನ್ ಬಜಾರಿನ ಪೇಡಾ ಕೂಡ ಹಾಗೇ. ಉತ್ತರ ಪ್ರದೇಶದಿಂದ ಬಂದ ಒಂದು ಮನೆತನ ಶುರು ಮಾಡಿದ್ದು, ಈಗ ಊರಿನ ಹೆಸರೇ ಅದಕ್ಕೆ ಅಂಟಿಕೊಂಡಿದೆ.

ಇನ್ನು ಅದೇ ಧಾರವಾಡದ ಸಪ್ತಾಪುರ. ಪಿಎಸ್‌ಐ, ಕೆಎಎಸ್, ಎಫ್‌ಡಿಎ ಅಂತ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಕೊಪ್ಪಳ, ರಾಯಚೂರು, ವಿಜಯಪುರದಿಂದೆಲ್ಲ ಬಂದು ಅಲ್ಲಿ ಖೋಲಿ ಮಾಡಿಕೊಂಡು ಇರುತ್ತಾರೆ. ನನ್ನ ಅಕ್ಕನ ಮಗನೂ ಅಲ್ಲೇ ಇದ್ದಾನೆ, ನಾಲ್ಕನೇ ವರ್ಷ. ಅವನನ್ನು ನೋಡಲು ಹೋದಾಗಲೆಲ್ಲ ಅಲ್ಲಿ ತಿರುಗಾಡುತ್ತೇನೆ. ಝೆರಾಕ್ಸ್ ಅಂಗಡಿ, ರೀಡಿಂಗ್ ರೂಮು, ಮೆಸ್, ಹಳೆ ಪುಸ್ತಕದ ಅಂಗಡಿ. ಅವನು ಊಟ ಮಾಡುವ ಮೆಸ್ಸಿನ ಅಕ್ಕ ಸವದತ್ತಿ ಕಡೆಯವರು. ಮೊದಲು ನಾಲ್ಕು ಹುಡುಗರಿಗೆ ಡಬ್ಬಿ ಕಟ್ಟುತ್ತಿದ್ದರಂತೆ. ಈಗ ಹತ್ತಿರ ಹತ್ತಿರ ಅರವತ್ತು ಜನ. ಅವರ ಕೈ ಕೆಳಗೆ ಮೂವರು ಹೆಂಗಸರು ರೊಟ್ಟಿ ಬಡಿಯುತ್ತಾರೆ. ತಮ್ಮ ಊರಲ್ಲೇ ಇದ್ದಿದ್ದರೆ ಅವರು ಮೆಸ್ ಹಾಕುತ್ತಿದ್ದರಾ? ಯಾರಿಗೆ ಬಡಿಸಲು? ನಮ್ಮ ಅಳಿಯ ತಟ್ಟೆ ಮುಂದೆ ಕೂತು ನೋಟಿಫಿಕೇಶನ್ನಿಗೆ ಕಾಯುತ್ತಾನೆ, ಆ ಅಕ್ಕನ ಬದುಕು ಅವನ ಕಾಯುವಿಕೆಯ ಮೇಲೆ ನಿಂತಿದೆ. ಇದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅವನನ್ನು ಸೋಮಾರಿ ಅಂತ ಬೈಯಲು ಬಾಯಿ ಬರುವುದಿಲ್ಲ. ಅವನ ಓಣಿಯಲ್ಲಿ ಗೆದ್ದವರು ಅಂದರೆ ನೌಕರಿಯ ಆರ್ಡರ್ ಕಾಪಿ ಕೈಯಲ್ಲಿ ಹಿಡಿದು ಫೋಟೋ ಹಾಕಿದವರು ಮಾತ್ರ. ಬೇರೆ ರೀತಿ ಗೆದ್ದವರನ್ನು ಅವನು ನೋಡಿಯೇ ಇಲ್ಲ.

ಜಾಗ ಅಂದರೆ ಊರು, ಜಿಲ್ಲೆ ಅಂತ ಅಷ್ಟೇ ಅಂದುಕೊಳ್ಳಬೇಡಿ. ಹತ್ತು ಅಡಿಯೂ ಜಾಗವೇ.

ಹುಬ್ಬಳ್ಳಿಯ ವಿದ್ಯಾನಗರದ ಕಡೆ ನನ್ನ ಗೆಳೆಯನೊಬ್ಬ ಚಹಾ ಗಾಡಿ ಇಟ್ಟಿದ್ದ. ಮೊದಲು ಧಾರವಾಡದ ಬಸ್ಸು ರಸ್ತೆ ಬದಿಗೆ ಬಂದು ನಿಲ್ಲುತ್ತಿತ್ತು. ಬಸ್ಸು ಬರುವತನಕ ಜನ ಅವನ ಗಾಡಿ ಮುಂದೆಯೇ. ಒಂದು ಚಹಾ, ಒಂದು ಬಿಸ್ಕೀಟು, ಮಳೆ ಬಂದರೆ ಎರಡು ಚಹಾ. 2018ರಲ್ಲಿ ಹುಬ್ಬಳ್ಳಿ–ಧಾರವಾಡದ ನಡುವೆ ತನ್ನದೇ ದಾರಿಯಲ್ಲಿ ಓಡುವ ಚಿಗರಿ ಬಸ್ಸು ಶುರುವಾಯಿತು. ಬಸ್ಸು ಒಳ್ಳೆಯದೇ, ನಾನೂ ಅದರಲ್ಲೇ ಓಡಾಡುತ್ತೇನೆ. ಆದರೆ ಅದು ನಿಲ್ಲುವುದು ರಸ್ತೆಯ ನಡುವೆ. ಜನ ನೇರವಾಗಿ ಸ್ಟೇಷನ್ ಒಳಗೆ ಹೋಗಿ ಟಿಕೆಟ್ ತಗೊಂಡು ನಿಲ್ಲುತ್ತಾರೆ. ಗಾಡಿಗೂ ಸ್ಟೇಷನ್ನಿಗೂ ನಡುವೆ ಅರ್ಧ ರಸ್ತೆ. ಅವನ ಚಹಾ ಬದಲಾಗಲಿಲ್ಲ, ರೇಟೂ ಬದಲಾಗಲಿಲ್ಲ. ಒಂದು ವರ್ಷದಲ್ಲಿ ಗಾಡಿ ಮಾರಿ ಗೋಕುಲ ರಸ್ತೆಯ ಒಂದು ಗೋಡೌನಿನಲ್ಲಿ ಕೆಲಸಕ್ಕೆ ಸೇರಿದ. ರಸ್ತೆಯ ನಕ್ಷೆ ಬರೆಯುವಾಗ ಅವನ ಗಾಡಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅದೇ ನನಗೆ ನೋವು.

ಬೀದಿ ವ್ಯಾಪಾರಿಗಳಿಗೆ ಅಂತ 2014ರಲ್ಲೇ ಕಾಯ್ದೆ ಬಂದಿದೆ. ಸಮೀಕ್ಷೆ ಮಾಡಬೇಕು, ಪ್ರಮಾಣಪತ್ರ ಕೊಡಬೇಕು, ಸ್ಥಳಾಂತರ ಮಾಡುವ ಮೊದಲು 30 ದಿನದ ನೋಟಿಸ್ ಕೊಡಬೇಕು, ಊರಿನ ಸಮಿತಿಯಲ್ಲಿ ವ್ಯಾಪಾರಿಗಳೇ ಇರಬೇಕು. ಕಾಯ್ದೆ ಚೆನ್ನಾಗಿಯೇ ಇದೆ. ಆದರೆ ಎಲ್ಲಿಗೋ ಊರಾಚೆ ಒಂದು ಖಾಲಿ ಜಾಗ ತೋರಿಸಿ ಇಲ್ಲಿ ಮಾರಿಕೊಳ್ಳಿ ಅಂದರೆ ಅದನ್ನು ಜಾಗ ಅನ್ನುವುದಿಲ್ಲ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂಜೆ ಹೊತ್ತು ನಿಂತು ನೋಡಿ. ಗಿರ್ಮಿಟ್, ಮಿರ್ಚಿ, ಹೂವು, ಬಳೆ. ಆ ಸಂತೆಯನ್ನು ಯಾರೂ ಕೂತು ಯೋಜನೆ ಹಾಕಿದ್ದಲ್ಲ. ಜನ ಓಡಾಡಿ ಓಡಾಡಿ ಆದದ್ದು.

ಹಾಗಂತ ಮಾರುಕಟ್ಟೆ ಮನೆ ಮುಂದೆ ಇದ್ದರೆ ಸಾಕು ಅಂತಲೂ ಇಲ್ಲ. ಬ್ಯಾಡಗಿಗೆ ಒಂದು ಸೋಮವಾರವೋ ಗುರುವಾರವೋ ಹೋಗಿ ಬನ್ನಿ, ಟೆಂಡರ್ ದಿನ. ಮೆಣಸಿನಕಾಯಿ ಚೀಲ ಕಣ್ಣು ಹಾಯುವಷ್ಟೂ ದೂರ. ಊರು ಮುಟ್ಟುವ ಮೊದಲೇ ಮೂಗಿಗೆ ಘಾಟು. ಆ ಮೆಣಸಿನಕಾಯಿಯ ತೊಟ್ಟು ಬಿಡಿಸುವವರು ಹೆಂಗಸರು. ನಾನು ಲೇಬಲ್ ಆರ್ಡರಿಗೆ ಒಂದು ಗೋಡೌನಿಗೆ ಹೋಗಿದ್ದೆ. ಸಾಲಾಗಿ ಕೂತಿದ್ದರು, ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು. ಒಬ್ಬಾಕೆಯ ಪಕ್ಕದಲ್ಲಿ ಸಣ್ಣ ಬಾಟಲಿಯಲ್ಲಿ ಎಣ್ಣೆ ಇತ್ತು. ಉರಿ ತಡೆಯಲು ಬೆರಳಿಗೆ ಹಚ್ಚಿಕೊಳ್ಳುತ್ತಾರೆ. "ಮನಿಗೆ ಹೋಗಿ ಕೂಸಿನ್ನ ಮುಟ್ಟಾಕ ಹೆದರಿಕಿರಿ" ಅಂದಳು. ಎಷ್ಟು ಕಿಲೋ ಬಿಡಿಸಿದರೆ ಅಷ್ಟು ಕೂಲಿ. ಜಿಐ ಟ್ಯಾಗ್ ಪಡೆದ, ಬಣ್ಣಕ್ಕೆ ದೇಶದಾಚೆಗೂ ಹೆಸರಾದ ಮೆಣಸಿನಕಾಯಿ ಅವಳ ಬೆರಳಿನಿಂದ ಹಾದು ಹೋಗುತ್ತದೆ. ಅವಳೇ ಐವತ್ತು ಕಿಲೋ ಕೊಂಡು ಖಾರದ ಪುಡಿ ಮಾಡಿ ಮಾರಬಹುದಲ್ವಾ? ಕೊಳ್ಳಲು ದುಡ್ಡು ಬೇಕು, ಕುಟ್ಟಿಸಲು ಗಿರಣಿ ಬೇಕು, ಇಡಲು ಒಣ ಜಾಗ ಬೇಕು, ಮಾರಲು ಹುಬ್ಬಳ್ಳಿಗೆ ಹೋಗಿ ಬರುವ ಪುರುಸೊತ್ತು ಬೇಕು. ಮಾರುಕಟ್ಟೆ ಅವಳ ಮನೆಗೆ ಹತ್ತಿರ ಇದೆ, ಅವಳಿಗೆ ಹತ್ತಿರ ಇಲ್ಲ.

ದುಡ್ಡಿನ ಮಾತು ಬಂತು. ಊರಲ್ಲಿ ಪ್ರೆಸ್ ಹಾಕುವಾಗ ನಾನು ಒಂದು ಬ್ಯಾಂಕಿಗೆ ಹೋಗಿದ್ದೆ. ಮನೆಯ ಉತಾರ, ಅಂದರೆ ಮನೆ ಯಾರ ಹೆಸರಲ್ಲಿದೆ ಅನ್ನುವ ದಾಖಲೆ, ತರಲು ಹೇಳಿದರು. ನಮ್ಮ ಮನೆ ಇನ್ನೂ ಅಜ್ಜನ ಹೆಸರಲ್ಲಿತ್ತು, ಕಾಗದ ಸರಿ ಇರಲಿಲ್ಲ. ಐದು ಸಲ ಅಲೆದೆ. ಕೊನೆಗೆ ಖಾಸಗಿಯವರ ಹತ್ತಿರ ತಿಂಗಳಿಗೆ ನೂರಕ್ಕೆ ಮೂರರಂತೆ ಬಡ್ಡಿಗೆ ತಂದೆ. 2015ರಲ್ಲಿ ಮುದ್ರಾ ಯೋಜನೆ ಬಂತು, ಅಡಮಾನ ಇಲ್ಲದೆ 10 ಲಕ್ಷದವರೆಗೆ ಸಾಲ. ಆ ಹೊತ್ತಿಗೆ ನಾನು ಆ ಬಡ್ಡಿಯಲ್ಲಿ ಕುತ್ತಿಗೆವರೆಗೂ ಮುಳುಗಿದ್ದೆ. ಈಗಲೂ ಸಾಲ ಕೇಳಲು ಹೋದ ಹಳ್ಳಿಯ ಹುಡುಗರು ಬಂದು ಅದೇ ಉತಾರದ ಕಥೆ ಹೇಳುತ್ತಾರೆ. ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಪ್ಲಾಟ್ ಇದ್ದವನಿಗೂ ಹಳ್ಳಿಯಲ್ಲಿ ದೊಡ್ಡ ಮನೆ ಇದ್ದವನಿಗೂ ಬ್ಯಾಂಕಿನ ಕೌಂಟರಿನಲ್ಲಿ ಸಿಗುವ ಮರ್ಯಾದೆ ಬೇರೆ. ಇಲ್ಲೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಊರಿನವನಿಗೆ ಸಾಲ ಊರಲ್ಲೇ ಸಿಗಬೇಕು, ಅವನನ್ನು ಬಲ್ಲವರೇ ಕೊಡಬೇಕು ಅನ್ನುವುದು ಆಗಲೇ ಹೊಳೆದಿತ್ತು. ಅದೇ ನೆಲದವನು ನಾನು, ನೂರಾ ಒಂಬತ್ತು ವರ್ಷದ ಮೇಲೆ ಮೂರು ರೂಪಾಯಿ ಬಡ್ಡಿಗೆ ಕೈ ಒಡ್ಡಿದೆ.

ಒಂದು ಒಳ್ಳೆಯದನ್ನೂ ಹೇಳಬೇಕು. 2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು. ಅದರ ಬಗ್ಗೆ ಏನೇನೋ ಮಾತು ಬಂದವು, ಬರುತ್ತಲೇ ಇವೆ. ನನ್ನ ಅಂಗಡಿಯ ಮೂಲೆಯಲ್ಲಿ ಒಬ್ಬ ಅಜ್ಜಿ ಕೂತು ಮೊಸರು, ಬೆಣ್ಣೆ, ಶೇಂಗಾ ಹಿಂಡಿ ಮಾರುತ್ತಾರೆ. ಮೊದಲು ವಾರಕ್ಕೆ ಒಂದೇ ದಿನ ಬರುತ್ತಿದ್ದರು. ಹೋಗಿ ಬರುವ ಟಿಕೆಟ್ಟಿಗೇ ಎರಡು ಗಡಿಗೆ ಮೊಸರಿನ ಲಾಭ ಹೋಗುತ್ತಿತ್ತು. ಈಗ ವಾರಕ್ಕೆ ನಾಲ್ಕು ದಿನ ಬರುತ್ತಾರೆ. ಯಾರೂ ಅವರಿಗೆ ಸಾಲ ಕೊಟ್ಟಿಲ್ಲ, ತರಬೇತಿ ಕೊಟ್ಟಿಲ್ಲ. ಊರು ಮತ್ತು ಪೇಟೆಯ ನಡುವಿನ ದೂರವನ್ನು ಕಡಿಮೆ ಮಾಡಿದರು, ಅಷ್ಟೇ. ಉಳಿದದ್ದನ್ನು ಅಜ್ಜಿ ತಾವೇ ಮಾಡಿಕೊಂಡರು.

ಅದಕ್ಕೇ ನನಗೆ ಈ ಒಂದೇ ಅಚ್ಚಿನ ತರಬೇತಿ ಶಿಬಿರಗಳ ಮೇಲೆ ಸಿಟ್ಟು. ಒಂದೇ ಹಳ್ಳಿಯಲ್ಲಿ ಮೂವತ್ತು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಮೂವತ್ತು ಮಷೀನು, ಇನ್ನೂರು ಮನೆ. ಯಾರು ಯಾರ ಜಂಪರ್ ಹೊಲಿಯಬೇಕು? ಆರು ತಿಂಗಳ ಮೇಲೆ ಹೋಗಿ ನೋಡಿದರೆ ಮಷೀನಿನ ಮೇಲೆ ಹಾಸಿಗೆ ಮಡಚಿ ಇಟ್ಟಿರುತ್ತಾರೆ. ಆಗ ಅವರಿಗೆ ಉತ್ಸಾಹ ಇಲ್ಲ ಅನ್ನುತ್ತಾರೆ. ತರಬೇತಿ ಕೊಡುವ ಮೊದಲು ಆ ಊರಿನಿಂದ ಬೆಳಿಗ್ಗೆ ಎಷ್ಟು ಬಸ್ಸು ಹೊರಡುತ್ತವೆ, ಸಂತೆ ಎಲ್ಲಿ ಕೂಡುತ್ತದೆ, ತ್ರೀ ಫೇಸ್ ಕರೆಂಟ್ ಎಷ್ಟು ಹೊತ್ತು ಇರುತ್ತದೆ, ಸಾಮಾನು ಕೆಟ್ಟರೆ ರಿಪೇರಿ ಎಷ್ಟು ದೂರ ಅಂತ ಯಾರಾದರೂ ಒಂದು ಹಾಳೆಯ ಮೇಲೆ ಬರೆದುಕೊಂಡಿದ್ದಾರಾ? ಬರೆದುಕೊಳ್ಳಲಿ. ಆ ಹಾಳೆಯನ್ನು ನಾನೇ ಪುಕ್ಕಟೆ ಅಚ್ಚು ಹಾಕಿ ಕೊಡುತ್ತೇನೆ.

ಮದುವೆಯಲ್ಲಿ ಸಿಕ್ಕ ಹುಡುಗನ ನಂಬರ್ ತಗೊಂಡಿದ್ದೆ. ನಿನ್ನೆ ರಾತ್ರಿ ಫೋನ್ ಮಾಡಿದೆ. ಫ್ಲೆಕ್ಸ್ ಪ್ರಿಂಟಿಂಗ್ ಊರಲ್ಲೇ ಹಾಕಬೇಕು ಅಂತ ಅವನ ಮನಸ್ಸಲ್ಲಿದೆ. ಬಾಡಿಗೆ ಇರೋದಿಲ್ಲ, ಸುತ್ತಮುತ್ತ ಯಾರದೂ ಇಲ್ಲ ಅಂದ. ನಾನು 2014ರಲ್ಲಿ ಆಡಿದ ಮಾತೇ. ಬೇಡ ಅನ್ನಲಿಲ್ಲ. ಮೊದಲು ಒಂದು ತಿಂಗಳು ನನ್ನ ಅಂಗಡಿಯಲ್ಲಿ ಕೂಡು, ಗಿರಾಕಿಗಳು ಯಾವ ಊರಿನಿಂದ ಬರುತ್ತಾರೆ, ಬಂದವರು ಬೇರೆ ಏನು ಕೊಂಡು ಹೋಗುತ್ತಾರೆ ಅಂತ ಬರೆದುಕೋ ಅಂದೆ. ಅವನ ತಂಗಿ ಡಿಟಿಪಿ ಕಲಿತಿದ್ದಾಳಂತೆ. ಅವಳನ್ನೂ ಕರೆದುಕೊಂಡು ಬಾ ಅಂದೆ. ನಮ್ಮ ಓಣಿಯಲ್ಲಿ ಇಬ್ಬರು ಹೆಣ್ಣುಮಕ್ಕಳು ಸ್ವಂತ ಡಿಸೈನ್ ಅಂಗಡಿ ನಡೆಸುತ್ತಿದ್ದಾರೆ, ಅವರ ಜೊತೆ ಮಾತಾಡಿಸುತ್ತೇನೆ.

ಗುರುವಾರ ಬರುತ್ತಾರಂತೆ. ಅವರ ಊರಿನಿಂದ ಬೆಳಿಗ್ಗೆ ಒಂದೇ ಬಸ್ಸು, ಏಳೂವರೆಗೆ.